ಮೆಟ್ರೋಗೆ ಐದೇ ನಿಮಿಷ!

ಓದುಗರ ಪತ್ರ: "ಬೆಂಗಳೂರು ಮೆಟ್ರೋ ಮೂರನೇ ಹಂತಕ್ಕೆ 15,611 ಕೋಟಿ ರೂಪಾಯಿ ಎಂದು ಓದಿದೆ. ನಮ್ಮ ಹಳ್ಳಿಗೆ ದಿನಕ್ಕೆ ಬರುವುದು ಎರಡೇ ಬಸ್. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಇದೆ, ಹತ್ತೋಣ ಅಂದರೆ ಬಸ್ಸೇ ಇಲ್ಲ. ನಮ್ಮ ತೆರಿಗೆ ದುಡ್ಡು ಆ ಊರಿಗೆ ಯಾಕೆ? ಬೆಂಗಳೂರಿನವರ ಮೆಟ್ರೋ ಖರ್ಚನ್ನು ಅಲ್ಲಿಯವರೇ ಟಿಕೆಟ್ ದುಡ್ಡಲ್ಲಿ ಹೊರಲಿ. ನಾವೇನು ಪಾಪ ಮಾಡೀವಿ?"
– ನಿವೃತ್ತ ಶಿಕ್ಷಕರು, ಸಿಂಧನೂರು ತಾಲ್ಲೂಕು

ಸಂಪಾದಕರ ಉತ್ತರ

ಮಾಸ್ತರರೇ,

ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಇಂಥ ಪ್ರಶ್ನೆಗೆ ಬೆಂಗಳೂರಿನವರ ಹತ್ತಿರ ಒಂದು ರೆಡಿ ಉತ್ತರ ಇರುತ್ತದೆ: "ನಮ್ಮ ತೆರಿಗೆಯಲ್ಲೇ ಅಲ್ವಾ ರಾಜ್ಯ ನಡೆಯೋದು?" ನಾನು ಆ ಮಾತು ಆಡುವುದಿಲ್ಲ. ಈ ಊರಿನ ಕಟ್ಟಡಗಳಿಗೆ ಕಬ್ಬಿಣ ಕಟ್ಟಿದವರಲ್ಲಿ, ಗಾರೆ ಮೆತ್ತಿದವರಲ್ಲಿ ರಾಯಚೂರು, ಯಾದಗಿರಿ ಕಡೆಯವರು ಎಷ್ಟು ಮಂದಿ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಯಾರ ಬೆವರು ಯಾವ ಊರಿನ ತೆರಿಗೆ ಆಗುತ್ತದೆ ಅನ್ನುವುದು ಅಷ್ಟು ಸಲೀಸಾದ ಲೆಕ್ಕವಲ್ಲ.

ನಿಮ್ಮ ಅರ್ಧ ಮಾತು ಒಪ್ಪಿದೆ. ಖರ್ಚಿನ ದೊಡ್ಡ ಪಾಲು ಬೆಂಗಳೂರೇ ಹೊರಲಿ. ಆದರೆ ಟಿಕೆಟ್ ದುಡ್ಡಲ್ಲಿ ಹೊರಲಿ ಅಂದಿರಲ್ಲ, ಅಲ್ಲಿ ನನ್ನ ತಕರಾರಿದೆ.

ಟಿಕೆಟ್ ಏರಿಸಿ ನೋಡಿದ್ದೂ ಆಗಿದೆ. 2017ರ ನಂತರ ಮೊದಲ ಸಲ 2025ರ ಫೆಬ್ರವರಿ 9ರಂದು ದರ ಏರಿತು. ಗರಿಷ್ಠ ದರ 60 ರೂಪಾಯಿ ಇದ್ದದ್ದು 90 ಆಯಿತು. ಕೆಲವು ಕಡೆಯ ಏರಿಕೆ ನೋಡಿ ಜನ ರೇಗಿದರು, ಆಮೇಲೆ ಸ್ವಲ್ಪ ತಗ್ಗಿಸಿದರು. ಕೆಲವು ತಿಂಗಳ ಹಿಂದೆ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಳದಿ ಮಾರ್ಗದ ರೈಲಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು. ಕೈಯಲ್ಲಿ ಟಿಫನ್ ಬ್ಯಾಗು. ದಿನಾ ಮೆಟ್ರೋನಾ ಅಂತ ಕೇಳಿದೆ. "ಬೆಳಗ್ಗೆ ಲೇಟ್ ಆದ್ರೆ ಸಂಬಳ ಕಟ್ ಮಾಡ್ತಾರೆ ಸಾರ್, ಅದಕ್ಕೆ ಹೋಗೋವಾಗ ಮಾತ್ರ ಇದು. ಬರೋವಾಗ ಬಸ್ಸು. ಆಧಾರ್ ತೋರಿಸಿದ್ರೆ ಫ್ರೀ" ಅಂದಳು. ಮನೆ ಮುಟ್ಟುವುದು ಒಂದು ಗಂಟೆ ತಡವಾದರೂ ಪರವಾಗಿಲ್ಲವಂತೆ. ಟಿಕೆಟ್ ಇನ್ನೂ ಏರಿಸಿದರೆ ಬೆಳಗಿನ ಪ್ರಯಾಣವನ್ನೂ ಆಕೆ ಬಿಡುತ್ತಾಳೆ. ಎರಡು ಚಕ್ರದ ಗಾಡಿ ಇರುವವರು ಗಾಡಿ ತೆಗೆಯುತ್ತಾರೆ, ಅಷ್ಟೆ.

ಇನ್ನು ಮೆಟ್ರೋ ನಷ್ಟದಲ್ಲಿದೆ ಅನ್ನುವ ಮಾತು. ರೈಲು ಓಡಿಸುವ ಖರ್ಚು ಇತ್ತೀಚಿನ ವರ್ಷಗಳಲ್ಲಿ ಮೆಟ್ರೋದ ಆದಾಯದಲ್ಲೇ ಹುಟ್ಟುತ್ತಿದೆ. ಹುಟ್ಟದೇ ಇರುವುದು ಮೆಟ್ರೋ ಕಟ್ಟಲು ಎತ್ತಿದ ಸಾಲದ ಕಂತು. ಮೆಟ್ರೋ ಕಟ್ಟಿ ಓಡಿಸುವ ಕಂಪನಿ ಬಿಎಂಆರ್‌ಸಿಎಲ್‌ನಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಅರ್ಧರ್ಧ ಪಾಲು. ಅವರಿಬ್ಬರೂ ಹಾಕುವ ದುಡ್ಡು ಸಾಲದು ಅಂತ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ, ಏಷ್ಯಾ ಅಭಿವೃದ್ಧಿ ಬ್ಯಾಂಕ್, ಯುರೋಪಿನ ಬ್ಯಾಂಕ್ ಎಲ್ಲ ಕಡೆ ಸಾಲ ಎತ್ತಿದ್ದಾರೆ. ಕಂತು ಕಟ್ಟಲು ಕೈ ಸಾಲದಿದ್ದಾಗ ರಾಜ್ಯದ ಬೊಕ್ಕಸವೇ ಕೈ ಹಿಡಿಯಬೇಕು. ನಿಮ್ಮ ಸಿಂಧನೂರಿನ ದುಡ್ಡು ಇಲ್ಲಿಗೆ ಬರುವುದು ಆ ದಾರಿಯಲ್ಲಿ.

ಹಾಗಾದರೆ ಯಾರು ಹೊರಬೇಕು? ಕಳೆದ ಭಾನುವಾರ ಪೇಪರ್ ಬಿಡಿಸಿದಾಗ ಒಳಗಿಂದ ಒಂದು ನುಣುಪು ಕಾಗದ ಜಾರಿ ಬಿತ್ತು. ಅಪಾರ್ಟ್‌ಮೆಂಟ್ ಜಾಹೀರಾತು. ಮನೆಯ ಚಿತ್ರಕ್ಕಿಂತ ದೊಡ್ಡದಾಗಿ "ಮೆಟ್ರೋಗೆ ಐದೇ ನಿಮಿಷ!" (ಯಾರ ಗಡಿಯಾರದಲ್ಲೋ ಗೊತ್ತಿಲ್ಲ. ಆ ಜಾಗ ನಾನು ನೋಡಿದ್ದೇನೆ. ಓಡಿದರೆ ಹದಿನೈದು ನಿಮಿಷ.) ಬಿಲ್ಡರ್ ಮಾರುತ್ತಿರುವುದು ನಿಜವಾಗಿ ಆ ಐದು ನಿಮಿಷವನ್ನೇ. ಆ ಐದು ನಿಮಿಷ ತಯಾರು ಮಾಡಿದ್ದು ನೀವು, ನಾನು, ಆ ಗಾರ್ಮೆಂಟ್ಸ್ ಹೆಣ್ಣುಮಗಳು. ಕಾಸು ಮಾಡಿಕೊಂಡವನು ಬೇರೆ.

ಕಂಬ ಎದ್ದ ಕೂಡಲೇ ಪಕ್ಕದ ಸೈಟಿನ ಬೆಲೆ ಏರುತ್ತದೆ. ಮಾರಿದವನು ಲಾಭದ ಮೇಲೆ ಕಟ್ಟುವ ತೆರಿಗೆ ಕೇಂದ್ರಕ್ಕೆ ಹೋಗುತ್ತದೆ. ಕೊಂಡವನ ಸ್ಟ್ಯಾಂಪ್ ಡ್ಯೂಟಿ ರಾಜ್ಯದ ಖಜಾನೆಗೆ ಹೋಗುತ್ತದೆ. ಮೆಟ್ರೋಗೆ ಅಂತ ಎತ್ತಿಡುವುದು ಕಡಿಮೆ. ಹೊಸ ಕಟ್ಟಡದ ನಕ್ಷೆ ಮಂಜೂರಾತಿ ಹೊತ್ತಲ್ಲಿ ಸಾಮೂಹಿಕ ಸಾರಿಗೆಗೆ ಸೆಸ್ ಹಾಕುವ ಅವಕಾಶ ನಮ್ಮ ನಗರ ಯೋಜನಾ ಕಾಯ್ದೆಯಲ್ಲಿ ಇದೆ, ನಿಜ. ಆದರೆ ಇಪ್ಪತ್ತು ವರ್ಷದಿಂದ ಖಾಲಿ ಸೈಟಿಗೆ ಬೇಲಿ ಸುತ್ತಿ ಸುಮ್ನೆ ಕೂತವನು ನಕ್ಷೆಯನ್ನೇ ತರುವುದಿಲ್ಲ. ಅವನಿಗೆ ಸೆಸ್ ಹತ್ತುವುದು ಹೇಗೆ?

ಹಾಂಗ್‌ಕಾಂಗ್‌ನಲ್ಲಿ ಇದನ್ನು ಮೊದಲೇ ಯೋಚಿಸಿದ್ದರು. ರೈಲು ಬರುವ ಮುಂಚಿನ ಬೆಲೆಗೆ ನಿಲ್ದಾಣದ ಮೇಲಿನ, ಸುತ್ತಲಿನ ಜಾಗದ ಹಕ್ಕನ್ನು ಸರ್ಕಾರ ಮೆಟ್ರೋ ಕಂಪನಿಗೇ ಕೊಡುತ್ತದೆ. ರೈಲು ಬಂದ ಮೇಲೆ ಬೆಲೆ ಏರಿ, ಬಿಲ್ಡರ್ ಕಟ್ಟಿ ಮಾರಿದ ಲಾಭದಲ್ಲಿ ಕಂಪನಿಗೆ ಪಾಲು. ಅಲ್ಲಿ ಜಾಗವೆಲ್ಲ ಸರ್ಕಾರದ ಕೈಯಲ್ಲಿದೆ, ಹಾಗಾಗಿ ಸುಲಭ. ನಮ್ಮಲ್ಲಿ ಪ್ರತಿ ಸೈಟಿಗೂ ಒಬ್ಬ ಮಾಲೀಕ, ಎರಡು ಕೋರ್ಟ್ ಕೇಸು. ಪ್ಯಾರಿಸ್‌ನ ದಾರಿ ನಮಗೆ ಇನ್ನೂ ಹತ್ತಿರದ್ದು. 1971ರಿಂದ ಅಲ್ಲಿ ಕಂಪನಿಗಳೇ ತಾವು ಕೊಡುವ ಸಂಬಳದ ಮೊತ್ತದ ಮೇಲೆ ಸಾರಿಗೆ ತೆರಿಗೆ ಕಟ್ಟುತ್ತವೆ. ಸಣ್ಣ ಅಂಗಡಿಗಳಿಗೆ ವಿನಾಯಿತಿ ಇದೆ. ನೌಕರರು ಹೊತ್ತಿಗೆ ಸರಿಯಾಗಿ ಬಂದರೆ ಲಾಭ ಕಂಪನಿಗೂ ಇದೆ ಅನ್ನುವುದು ಅವರ ಲೆಕ್ಕ.

ನಮ್ಮಲ್ಲಿ ಕಂಪನಿಗಳ ಕಡೆಯಿಂದ ಏನೂ ಬಂದಿಲ್ಲ ಅಂತಲ್ಲ. ಹಳದಿ ಮಾರ್ಗದ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಷನ್ 200 ಕೋಟಿಯ ಒಪ್ಪಂದ ಮಾಡಿಕೊಂಡಿತು, ಹೆಬ್ಬಗೋಡಿಗೆ ಬಯೋಕಾನ್ ಕಡೆಯಿಂದ 65 ಕೋಟಿ. ಒಳ್ಳೆಯದೇ. ಆದರೆ 2025ರ ಆಗಸ್ಟ್‌ನಲ್ಲಿ ಶುರುವಾದ ಆ 19 ಕಿಲೋಮೀಟರ್ ಮಾರ್ಗದ ಒಟ್ಟು ಖರ್ಚು ಸುಮಾರು 7,160 ಕೋಟಿ. ಎರಡೂ ಸೇರಿ ನೂರಕ್ಕೆ ನಾಲ್ಕು ರೂಪಾಯಿಯೂ ಆಗಲಿಲ್ಲ. ದೊಡ್ಡ ಮನಸ್ಸನ್ನು ನಂಬಿಕೊಂಡು ರೈಲು ಕಟ್ಟಲು ಆಗುವುದಿಲ್ಲ. ಅದು ಕಾನೂನಿನಲ್ಲಿ ಬರಬೇಕು.

ಇನ್ನೊಂದು ಮಾತು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಮೂರನೇ ಹಂತ 44.65 ಕಿಲೋಮೀಟರ್. ಅಂದರೆ ಕಿಲೋಮೀಟರ್‌ಗೆ ಸುಮಾರು 350 ಕೋಟಿ. 2020ರಲ್ಲಿ ಒಪ್ಪಿಗೆ ಸಿಕ್ಕ ಉಪನಗರ ರೈಲು 148 ಕಿಲೋಮೀಟರ್, ಅಂದಾಜು ವೆಚ್ಚ 15,767 ಕೋಟಿ. ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ ಮೂರು ಪಟ್ಟಿಗಿಂತ ಜಾಸ್ತಿ ಉದ್ದ! ಬಹುಪಾಲು ಇರುವ ರೈಲು ಹಳಿಯ ಪಕ್ಕದಲ್ಲೇ ಹೋಗುವುದರಿಂದ ಅಗ್ಗ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆದಾಗ 40 ತಿಂಗಳ ಗಡುವು ಹೇಳಿದ್ದರು. ಗಡುವು ದಾಟಿತು, ರೈಲು ಬರಲಿಲ್ಲ. ಮೆಟ್ರೋ ಕಂಬಕ್ಕಿರುವ ಮರ್ಯಾದೆ ಇದಕ್ಕಿಲ್ಲ.

ಬಸ್ಸಿಗೆ ಇನ್ನೂ ಇಲ್ಲ. ಮಾಮೂಲಿ ಡೀಸೆಲ್ ಬಸ್ಸಿಗೆ ಒಂದು ಕೋಟಿ ಅಂತ ಧಾರಾಳವಾಗಿ ಹಿಡಿದರೂ ಮೆಟ್ರೋದ ಒಂದು ಕಿಲೋಮೀಟರ್ ದುಡ್ಡಲ್ಲಿ 350 ಬಸ್ ಬರುತ್ತವೆ. ಡ್ರೈವರ್, ಡೀಸೆಲ್, ಡಿಪೋ ಖರ್ಚು ಬೇರೆ, ಅದೇನು ಸಣ್ಣದಲ್ಲ. ಹಾಗಂತ ಮೆಟ್ರೋ ನಿಲ್ಲಿಸಿ ಅನ್ನುವವನು ನಾನಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ಒಂದು ಸಂಜೆ ನಿಂತರೆ ನೀವೂ ಅನ್ನಲಾರಿರಿ. ಅದರ ಸಾಲವನ್ನು ಬೆಂಗಳೂರಿನ ಭೂಮಿ, ಬೆಂಗಳೂರಿನ ಕಂಪನಿಗಳು ತೀರಿಸಲಿ. ಹಾಗೆ ಉಳಿದ ರಾಜ್ಯದ ದುಡ್ಡಲ್ಲಿ ನಿಮ್ಮೂರಿಗೆ ಮೂರನೇ ಬಸ್ ಬರಲಿ. ನಾನು ಕೇಳುತ್ತಿರುವುದು ಇಷ್ಟೇ.

ಕೊನೆಗೆ ನಿಮಗೊಂದು ಕೆಲಸ. ಆ ಎರಡು ಬಸ್ ಯಾವ ಹೊತ್ತಿಗೆ ಬರಬೇಕು, ಯಾವ ಹೊತ್ತಿಗೆ ಬಂದವು, ಎಷ್ಟು ಮಂದಿ ಹತ್ತಲಾಗದೆ ಉಳಿದರು ಅಂತ ಒಂದು ವಾರ ಬರೆದಿಟ್ಟು ಕಳಿಸಿ, ಹಾಜರಿ ಪುಸ್ತಕ ಬರೆದ ಹಾಗೆ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ.