ಶಿಕ್ಷೆ ಮುಗಿಸಿ ಬಂದವರಿಗೆ ಕೋವಿ ಲೈಸೆನ್ಸ್ ಮತ್ತೆ ಕೊಡಬೇಕಾ?

ಶಿಕ್ಷೆ ಆದ ಮೇಲೆ ಕೋವಿ ಲೈಸೆನ್ಸ್ ಸಿಗದ ನಿಮ್ಮ ಚಿಕ್ಕಪ್ಪನ ಬಗ್ಗೆ ಪ್ರಶ್ನೆ ಬರೆದಿದ್ದೀರಿ. ಅವರು ಈಗ ಇರುವ ಜಾಗದಲ್ಲಿ ಕೆಲವು ವರ್ಷಗಳ ಹಿಂದೆ ನಾನಿದ್ದೆ. ಹೊಡೆದಾಟದ ಕೇಸು, ಜೈಲು, ಲೈಸೆನ್ಸ್ ರದ್ದು. ಶಿಕ್ಷೆ ಮುಗಿಸಿ ಮನೆಗೆ ಬಂದರೂ ಕೋವಿ ಬರಲಿಲ್ಲ. "ಶಿಕ್ಷೆ ಅನುಭವಿಸಿ ಆಯ್ತಲ್ಲ, ಕೋವಿ ಇಟ್ಟುಕೊಳ್ಳುವ ಹಕ್ಕು ವಾಪಸ್ ಕೊಡಬೇಕಲ್ವಾ, ಅಮೆರಿಕದಲ್ಲಿ ಕೊಡ್ತಾರಂತೆ" ಅಂತ ಕೇಳಿದ್ದೀರಿ. ನಾನೂ ಇದೇ ಮಾತನ್ನು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದವನು. ಈಗ ಹಾಗೆ ಹೇಳುವುದಿಲ್ಲ.

ನಮ್ಮದು ಮಲೆನಾಡು. ತೋಟ ಮುಗಿದಲ್ಲಿ ಕಾಡು ಶುರು. ಅಪ್ಪನ ಕಾಲದಿಂದ ಬೆಳೆ ರಕ್ಷಣೆಗೆ ಅಂತ ಮನೆಯಲ್ಲಿ ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಅಪ್ಪ ಹೋದ ಮೇಲೆ ವಾರಸುದಾರನಾಗಿ ನನ್ನ ಹೆಸರಿಗೆ ಲೈಸೆನ್ಸ್ ಆಯಿತು. ಪೇಟೆಯವರು ಕೋವಿ ಅಂದರೆ ಶಿಕಾರಿ ಅಂದುಕೊಳ್ಳುತ್ತಾರೆ. ಕಾಡುಹಂದಿ, ಕಾಡುಕೋಣ ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಮನಸ್ಸು ಬಂದ ಹಾಗೆ ಹೊಡೆಯಲು ಆಗುವುದಿಲ್ಲ. ನಮಗೆ ಕೋವಿ ಬೇಕಾಗುವುದು ಸದ್ದಿಗೆ. ಗದ್ದೆಗೆ ಹಂದಿ ಹಿಂಡು ಇಳಿದ ರಾತ್ರಿ ಆಕಾಶಕ್ಕೆ ಒಂದು ಈಡು ಹಾರಿಸಿದರೆ ಆ ರಾತ್ರಿಗಾದರೂ ಪೈರು ಉಳಿಯುತ್ತದೆ. ಗರ್ನಾಲಿನ ಸದ್ದು ಹಂದಿಗಳಿಗೆ ಬೇಗ ಅಭ್ಯಾಸವಾಗಿಬಿಡುತ್ತದೆ.

ಪಕ್ಕದ ತೋಟದವರಿಗೂ ನಮಗೂ ಅಗಳದ ತಕರಾರು. ಗಡಿಗೆ ತೋಡಿದ ಅಗಳ ಒಂದು ಮಳೆಗಾಲದಲ್ಲಿ ಕುಸಿಯಿತು. ಅವರು ಮತ್ತೆ ತೋಡಿಸುವಾಗ ನಮ್ಮ ಕಡೆಗೆ ಸರಿಸಿದರು ಅಂತ ನನ್ನ ಸಿಟ್ಟು. ಮಾತಿಗೆ ಮಾತು ಬೆಳೆಯಿತು. ಕೈಯಲ್ಲಿ ಸೊಪ್ಪು ಕಡಿಯುವ ಕತ್ತಿ ಇತ್ತು, ಬೀಸಿದೆ. ಅವರ ತೋಳಿಗೆ ಬಿತ್ತು, ಹೊಲಿಗೆ ಹಾಕಬೇಕಾಯಿತು. ಐಪಿಸಿ 324ನೇ ಸೆಕ್ಷನ್, ಅಂದರೆ ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದು. ಕೇಸು ವರ್ಷಗಟ್ಟಲೆ ನಡೆದು ಆರು ತಿಂಗಳ ಶಿಕ್ಷೆ ಆಯಿತು. ಅಪೀಲಿನಲ್ಲೂ ಸೋತೆ.

ಲೈಸೆನ್ಸು ಕೇಸು ದಾಖಲಾದಾಗಲೇ ಅಮಾನತಾಗಿತ್ತು, ಶಿಕ್ಷೆ ಆದ ಮೇಲೆ ರದ್ದಾಯಿತು. ಕೋವಿ ಠಾಣೆಗೆ ಹೋಯಿತು. ಆಗ ನನಗೆ ಇದು ದೊಡ್ಡ ಅನ್ಯಾಯ ಅನ್ನಿಸಿತ್ತು. ಹೊಡೆದಿದ್ದು ಕತ್ತಿಯಿಂದ, ಕೋವಿ ಯಾಕೆ ಕಿತ್ಕೊಳ್ತೀರಿ ಅಂತ ವಾದ ಮಾಡಿದ್ದೆ. ಕತ್ತಿ ಬೀಸಿದ ಆ ಕ್ಷಣದಲ್ಲಿ ಕೈಯಲ್ಲಿ ಕೋವಿ ಇದ್ದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಯೋಚಿಸುವಷ್ಟು ತಾಳ್ಮೆ ಆಗ ಇರಲಿಲ್ಲ. ಈಗ ಕೇಳಿದರೆ, ಕಿತ್ತುಕೊಂಡಿದ್ದು ಸರಿ ಅಂತಲೇ ಹೇಳುತ್ತೇನೆ.

ಕಾನೂನು ಏನು ಹೇಳುತ್ತದೆ ಅಂತ ಮೊದಲು ತಿಳ್ಕೊಳ್ಳಿ. 1959ರ ಆಯುಧ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಹಿಂಸೆಯ ಅಥವಾ ನೈತಿಕ ಅಧಃಪತನದ (ಮೋಸ, ಕಳ್ಳತನದಂಥ) ಅಪರಾಧಕ್ಕೆ ಎಷ್ಟೇ ದಿನದ ಜೈಲು ಶಿಕ್ಷೆ ಆದರೂ, ಶಿಕ್ಷೆ ಮುಗಿದ ಮೇಲೆ ಐದು ವರ್ಷ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಲೆಕ್ಕ ಶುರುವಾಗುವುದು ತೀರ್ಪು ಬಂದ ದಿನದಿಂದ ಅಲ್ಲ, ಶಿಕ್ಷೆ ಮುಗಿದ ದಿನದಿಂದ. ಶಾಂತಿ ಕಾಪಾಡುತ್ತೇನೆ ಅಂತ ಬಾಂಡ್ ಬರೆಸಿಕೊಂಡಿದ್ದರೆ ಆ ಬಾಂಡಿನ ಅವಧಿ ಮುಗಿಯುವ ತನಕವೂ ಇಲ್ಲ. ಅಂದರೆ ನಮ್ಮಲ್ಲಿ ಬಾಗಿಲು ಶಾಶ್ವತವಾಗಿ ಮುಚ್ಚುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ "ಜೀವನಪೂರ್ತಿ ಕೊಡಲ್ಲ" ಅಂತ ಬರೆದಿದ್ದೀರಲ್ಲ, ಅದು ತಪ್ಪು.

ನಾನು ಆ ಐದು ವರ್ಷ ಕಾದೆ. ಆಮೇಲೆ ಮಾಡಿದ್ದನ್ನು ಉದ್ದಕ್ಕೆ ಹೇಳುತ್ತೇನೆ. ನಿಮ್ಮ ಚಿಕ್ಕಪ್ಪನೂ ಇಲ್ಲೇ ಎಡವುವ ಸಾಧ್ಯತೆ ಜಾಸ್ತಿ.

ಲೈಸೆನ್ಸ್ ಅರ್ಜಿಯಲ್ಲಿ ಒಂದು ಕಾಲಂ ಇರುತ್ತದೆ. ನಿಮಗೆ ಯಾವುದಾದರೂ ಅಪರಾಧಕ್ಕೆ ಶಿಕ್ಷೆ ಆಗಿದೆಯಾ ಅಂತ. ನನ್ನ ಅರ್ಜಿ ತುಂಬಿಕೊಟ್ಟವರು ಕಚೇರಿ ಹೊರಗೆ ಕೂತು ಅರ್ಜಿ ಬರೆಯುವ ಒಬ್ಬರು. "ಐದು ವರ್ಷ ಆಯ್ತಲ್ಲ, ಇನ್ನು ಅದು ಲೆಕ್ಕಕ್ಕಿಲ್ಲ, ಇಲ್ಲ ಅಂತ ಹಾಕಿ" ಅಂದರು. ನಾನೂ ಹೂಂ ಅಂದೆ. ಅವರನ್ನು ದೂರುವುದಿಲ್ಲ. ಸಹಿ ಹಾಕಿದ್ದು ನಾನು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದು ಮಾಡಿಕೊಂಡಿದ್ದೆ. ಐದು ವರ್ಷ ಆದ ಮೇಲೆ ಮುಗಿಯುವುದು ನಿಷೇಧ. ಶಿಕ್ಷೆ ಆಗಿತ್ತು ಅನ್ನುವ ಸಂಗತಿ ಎಲ್ಲಿಗೂ ಹೋಗುವುದಿಲ್ಲ. ಅದು ಕೋರ್ಟಿನ ಕಡತದಲ್ಲಿ, ಠಾಣೆಯ ದಾಖಲೆಯಲ್ಲಿ ಹಾಗೇ ಇರುತ್ತದೆ. ಕಾಲಂ ಕೇಳುವುದು "ಶಿಕ್ಷೆ ಆಗಿದೆಯಾ" ಅಂತ. "ಇತ್ತೀಚೆಗೆ ಆಗಿದೆಯಾ" ಅಂತ ಕೇಳುವುದಿಲ್ಲ. ನಾನು ಹೌದು ಅಂತ ಬರೆದು, ತೀರ್ಪಿನ ನಕಲು, ಜೈಲಿನಿಂದ ಬಿಡುಗಡೆ ಆದ ಪತ್ರ ಎರಡನ್ನೂ ಲಗತ್ತಿಸಿ, ಐದು ವರ್ಷ ಮುಗಿದ ತಾರೀಖು ಬರೆದಿದ್ದರೆ ಕಾನೂನು ನನ್ನ ಪರವಾಗಿಯೇ ಇತ್ತು. ಮುಚ್ಚಿಡುವ ಅಗತ್ಯವೇ ಇಲ್ಲದ ಸಂಗತಿಯನ್ನು ಮುಚ್ಚಿಟ್ಟೆ.

ಅರ್ಜಿ ಠಾಣೆಗೆ ವರದಿಗೆ ಹೋಗಿಯೇ ಹೋಗುತ್ತದೆ. ಅಲ್ಲಿ ನನ್ನ ಕೇಸು ಗೊತ್ತಿಲ್ಲದವರು ಯಾರಿದ್ದಾರೆ? ಅರ್ಜಿ ತಿರಸ್ಕಾರ ಆಯಿತು. ಆದೇಶದಲ್ಲಿ ಹೊಡೆದಾಟದ ಬಗ್ಗೆ ಒಂದು ಸಾಲು ಮಾತ್ರ ಇತ್ತು. ಉಳಿದಿದ್ದೆಲ್ಲ ನಾನು ಮಾಹಿತಿ ಮರೆಮಾಚಿದ್ದರ ಬಗ್ಗೆ. ಒಂದು ವೇಳೆ ಯಾರ ಕಣ್ಣಿಗೂ ಬೀಳದೆ ಲೈಸೆನ್ಸ್ ಸಿಕ್ಕಿದ್ದರೂ ಉಳಿಯುತ್ತಿರಲಿಲ್ಲ. ಮಾಹಿತಿ ಮರೆಮಾಚಿ ಪಡೆದ ಲೈಸೆನ್ಸನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು ಅಂತ ಆಯುಧ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ.

ಆಮೇಲಿನ ಪಾಡು ಕೇಳಬೇಡಿ. ಮತ್ತೆ ಅರ್ಜಿ ಹಾಕಿದಾಗ ಎಲ್ಲವನ್ನೂ ಸರಿಯಾಗಿ ಬರೆದೆ. ಹಳೇ ತಿರಸ್ಕಾರದ ಆದೇಶ ತೋರಿಸಿ ಅದನ್ನೂ ತಿರಸ್ಕರಿಸಿದರು. ಸಿಟ್ಟಿನಲ್ಲಿ ಬೀಸಿದ ಕತ್ತಿಗೆ ಐದು ವರ್ಷದ ಗಡುವು ಇತ್ತು. ಅರ್ಜಿಯಲ್ಲಿ ಬರೆದ ಸುಳ್ಳಿಗೆ ಗಡುವೇ ಇರಲಿಲ್ಲ. ಕೋಪದಲ್ಲಿ ಹೊಡೆದವನು ಅನ್ನುವುದನ್ನು ಕಾಲ ಕಳೆದ ಮೇಲೆ ಜನ ಮರೆಯುತ್ತಾರೆ. ಕಚೇರಿಗೆ ಸುಳ್ಳು ಬರೆದುಕೊಟ್ಟವನು ಅಂತ ಕಡತದಲ್ಲಿ ಕೂತರೆ ಮುಂದೆ ಬರುವ ಪ್ರತಿ ಅಧಿಕಾರಿಯೂ ಮೊದಲು ನೋಡುವುದು ಅದನ್ನೇ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ನೋಡುತ್ತಿದ್ದೆ. ಕೋವಿ ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡುವವರಿಗೆ ಆ ಮನುಷ್ಯನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಬೇರೆ ಯಾವ ಆಧಾರ ಇದೆ?

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಅಂತ ಒಂದಿದೆ, ಕೋರ್ಟಿನಲ್ಲಿ ಎಲ್ಲರೂ ಪ್ರೊಬೇಷನ್ ಅನ್ನುತ್ತಾರೆ. ನ್ಯಾಯಾಧೀಶರು ಜೈಲಿಗೆ ಕಳಿಸದೆ ಒಳ್ಳೆ ನಡತೆಯ ಬಾಂಡಿನ ಮೇಲೆ ಅಥವಾ ಎಚ್ಚರಿಕೆ ಕೊಟ್ಟು ಬಿಟ್ಟರೆ, ಅದರ 12ನೇ ಸೆಕ್ಷನ್ ಪ್ರಕಾರ ಶಿಕ್ಷೆಗೆ ಅಂಟಿಕೊಂಡು ಬರುವ ಅನರ್ಹತೆ ಆ ವ್ಯಕ್ತಿಗೆ ತಟ್ಟುವುದಿಲ್ಲ. ನನ್ನ ಕೇಸಿನಲ್ಲಿ ಅದನ್ನು ಯಾರೂ ಕೇಳಲಿಲ್ಲ. ಚಿಕ್ಕಪ್ಪನ ತೀರ್ಪನ್ನು ತೆಗೆದು ಕೊನೆಯ ಪುಟ ಓದಿ. ಬರೀ ದಂಡವಾ, ಪ್ರೊಬೇಷನ್ನಾ, ಜೈಲಾ? ಆಯುಧ ಕಾಯ್ದೆಯ 9ನೇ ಸೆಕ್ಷನ್ ಹೇಳುವುದು ಜೈಲು ಶಿಕ್ಷೆಯ ಬಗ್ಗೆ. ಬರೀ ದಂಡ ಆಗಿದ್ದರೆ ಆ ಐದು ವರ್ಷದ ಮಾತೇ ಬರುವುದಿಲ್ಲ.

ಈಗ ಹಕ್ಕಿನ ವಿಚಾರ. ನಿಮ್ಮ ಪ್ರಶ್ನೆಯ ಬುಡವೇ ನಮ್ಮ ದೇಶಕ್ಕೆ ಹೊಂದುವುದಿಲ್ಲ. ಇಲ್ಲಿ ಕೋವಿ ಯಾರ ಹಕ್ಕೂ ಅಲ್ಲ, ಶಿಕ್ಷೆ ಆಗದವರಿಗೂ ಅಲ್ಲ. ಒಂದು ಕಾಲದಲ್ಲಿ ಆಗಬೇಕು ಅಂತ ಇತ್ತು. ಬ್ರಿಟಿಷರು 1878ರಲ್ಲಿ ತಂದ ಆಯುಧ ಕಾಯ್ದೆಯ ಮೇಲೆ ನಮ್ಮವರಿಗೆ ಬಹಳ ಸಿಟ್ಟಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವುದನ್ನೂ ಪ್ರಜೆಗಳ ಹಕ್ಕು ಅಂತ ಸೇರಿಸಿದ್ದರು. ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು 1948ರ ಡಿಸೆಂಬರಿನಲ್ಲಿ ಅದನ್ನೇ ತಿದ್ದುಪಡಿಯಾಗಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಇದನ್ನು ಮೂಲಭೂತ ಹಕ್ಕು ಮಾಡಿದರೆ ಅಪರಾಧವನ್ನೇ ಅಭ್ಯಾಸ ಮಾಡಿಕೊಂಡವರೂ ಕೇಳಬಹುದು ಅನ್ನುವುದು ಅವರ ಆಕ್ಷೇಪ. ತಿದ್ದುಪಡಿ ಬಿದ್ದುಹೋಯಿತು. ನೋಡಿ, ನೀವು ಈಗ ಕೇಳುತ್ತಿರುವುದೇ ಅವತ್ತು ಅಲ್ಲಿ ಚರ್ಚೆ ಆಗಿತ್ತು.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ ಅಂತ ಯಾರಾದರೂ ಹೇಳುತ್ತಾರೆ. ಅದು ಕೊಡವರಿಗೂ ಜಮ್ಮಾ (ಅಲ್ಲಿನ ಪಾರಂಪರಿಕ ಜಮೀನು) ಹಿಡುವಳಿದಾರರಿಗೂ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿ. 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದರು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅದನ್ನು ತೋರಿಸಿ ನಾವು ಕೇಳಲು ಬರುವುದಿಲ್ಲ.

ಅಮೆರಿಕದ ಕಥೆ ಬೇರೆ. ಅಲ್ಲಿ ಬಂದೂಕು ಸಂವಿಧಾನ ಕೊಟ್ಟ ಹಕ್ಕು. ಆದರೆ 1968ರ ಕಾನೂನಿನ ಪ್ರಕಾರ, ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ವಿಧಿಸಬಹುದಾದ ಅಪರಾಧ ಸಾಬೀತಾದರೆ, ಕೆಲವು ವಿನಾಯಿತಿ ಬಿಟ್ಟು, ಜೀವನಪೂರ್ತಿ ನಿಷೇಧ. ಕೊಲೆಯೂ ಒಂದೇ, ಕಾಗದದ ಮೋಸವೂ ಒಂದೇ. ವಾಪಸ್ ಕೇಳುವ ದಾರಿ ಕಾಯ್ದೆಯಲ್ಲಿದೆ. ಆದರೆ ಆ ಅರ್ಜಿಗಳನ್ನು ಪರಿಶೀಲಿಸುವ ಇಲಾಖೆಗೆ ಅದಕ್ಕಾಗಿ ಹಣ ಕೊಡುವುದನ್ನು ಅಲ್ಲಿನ ಸಂಸತ್ತು 1992ರಲ್ಲಿ ನಿಲ್ಲಿಸಿತು. ದಾರಿ ಇದ್ದೂ ಇಲ್ಲದ ಹಾಗಾಯಿತು. 2025ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಅದನ್ನು ತಾನೇ ಕೈಗೆತ್ತಿಕೊಂಡು ಮತ್ತೆ ತೆರೆಯಲು ಹೊರಟಿತು. ನೀವು ಕೇಳಿದ ಸುದ್ದಿ ಬಹುಶಃ ಪೆನ್ಸಿಲ್ವೇನಿಯಾದ ಬ್ರಯಾನ್ ರೇಂಜ್ ಕೇಸಿನದ್ದು. 1995ರಲ್ಲಿ ಬಡವರ ಆಹಾರ ನೆರವಿನ ಅರ್ಜಿಯಲ್ಲಿ ಆದಾಯ ಸರಿಯಾಗಿ ತೋರಿಸದೆ ಸಿಕ್ಕಿಬಿದ್ದವನು. ಅದಕ್ಕೆ ಬಂದೂಕಿನ ಮೇಲೆ ಜೀವನಪೂರ್ತಿ ನಿಷೇಧ. ಮೇಲ್ಮನವಿ ನ್ಯಾಯಾಲಯ 2023ರಲ್ಲಿ, ಮತ್ತೆ 2024ರ ಡಿಸೆಂಬರಿನಲ್ಲಿ ಅವನ ಪರ ತೀರ್ಪು ಕೊಟ್ಟಿತು. ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ. ಅರ್ಜಿಯಲ್ಲಿ ಸುಳ್ಳು ಹೇಳಿದ್ದಕ್ಕೆ ಎಷ್ಟು ದೊಡ್ಡ ಬೆಲೆ ತೆರಬೇಕಾಗುತ್ತದೆ ಅಂತ ನನಗೆ ಗೊತ್ತು. ಆದರೆ ಅದರಿಂದ ಇಲ್ಲಿಗೆ ಏನನ್ನೂ ಎತ್ತಿಕೊಂಡು ಬರಬೇಡಿ. ಅಲ್ಲಿನ ಜಗಳ ಶಾಶ್ವತ ನಿಷೇಧದ ಮೇಲೆ. ನಮ್ಮಲ್ಲಿ ಗಡುವು ಇದೆ, ಇಲ್ಲದಿರುವುದು ಗಡುವು ಮುಗಿದ ಮೇಲೆ ಮನುಷ್ಯನನ್ನು ಸರಿಯಾಗಿ ನೋಡುವ ಕ್ರಮ.

ನನ್ನ ಅಭಿಪ್ರಾಯ ಕೇಳಿದರೆ, ಐದು ವರ್ಷ ಆಯ್ತು ಅಂತ ಯಾರಿಗೂ ತಾನಾಗಿ ಕೋವಿ ಕೊಡಬಾರದು. ಐದು ವರ್ಷ ಆದರೂ ಹಳೇ ಕೇಸು ತೋರಿಸಿ ಸುಮ್ನೆ ತಿರಸ್ಕರಿಸಲೂಬಾರದು. ಆ ಮನುಷ್ಯ ಈಗ ಹೇಗಿದ್ದಾನೆ ಅಂತ ನೋಡಬೇಕು. ಅದನ್ನು ಕಡತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಮನೆಯವರನ್ನು ಕೇಳಬೇಕು, ಏಟು ತಿಂದವರನ್ನು ಕೇಳಬೇಕು.

ಎರಡನೇ ತಿರಸ್ಕಾರದ ಮೇಲೆ ನಾನು ಮೇಲ್ಮನವಿ ಹೋದೆ. ಮತ್ತೆ ಪರಿಶೀಲಿಸಿ ಅಂತ ವಾಪಸ್ ಕಳಿಸಿದರು. ಆಗ ವರದಿಗೆ ಬಂದ ಒಬ್ಬ ಸಬ್ ಇನ್‌ಸ್ಪೆಕ್ಟರ್ ನನ್ನನ್ನು ಅಂಗಳದಲ್ಲಿ ಕೂರಿಸಿ, ಒಳಗೆ ಹೋಗಿ ನನ್ನ ಹೆಂಡತಿಯ ಹತ್ತಿರ ಮಾತಾಡಿದರು. ಸಿಟ್ಟು ಬಂದರೆ ಏನು ಮಾಡ್ತಾರೆ, ಕುಡೀತಾರಾ, ಕೋವಿ ಮನೆಗೆ ಬಂದರೆ ನಿಮಗೆ ಭಯ ಆಗುತ್ತಾ ಅಂತೆಲ್ಲ ಕೇಳಿದರಂತೆ. ನನಗೆ ಆಗ ಅವಮಾನ ಆಯಿತು. ಈಗ ಅನ್ನಿಸುತ್ತದೆ, ಇಷ್ಟು ವರ್ಷದಲ್ಲಿ ಸರಿಯಾದ ಪ್ರಶ್ನೆಯನ್ನು ಸರಿಯಾದವರ ಹತ್ತಿರ ಕೇಳಿದ್ದು ಅವರೊಬ್ಬರೇ. ಅಲ್ಲಿಂದ ನೇರ ಪಕ್ಕದ ಮನೆಗೆ ಹೋದರು. ಮೊದಲ ಅರ್ಜಿಯ ಹೊತ್ತಿಗೆ ಆ ಮನೆಯವರು "ನಮಗೆ ಹೆದರಿಕೆ ಇದೆ" ಅಂದಿದ್ದರು. ಅಷ್ಟರಲ್ಲಿ ಸರ್ವೆ ಮಾಡಿಸಿ, ಖರ್ಚು ಅರ್ಧರ್ಧ ಹಾಕಿಕೊಂಡು ಗಡಿಕಲ್ಲು ನೆಟ್ಟಿದ್ದೆವು. ಈ ಸಲ ತಕರಾರಿಲ್ಲ ಅಂತ ಬರೆದುಕೊಟ್ಟರು. ಲೈಸೆನ್ಸ್ ಸಿಕ್ಕಿತು.

ಹೀಗೆ ಕೇಳಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಇರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಹೆಂಡತಿ ಮಕ್ಕಳ ಮೇಲೆ ಕೈ ಮಾಡಿ ಶಿಕ್ಷೆ ಆದವರಿಗಂತೂ ಐದಲ್ಲ, ಐವತ್ತು ವರ್ಷ ಆದರೂ ಕೊಡಬಾರದು. ಹಂದಿಗೆ ಸೋಲಾರ್ ಬೇಲಿ ಹಾಕಿಕೊಳ್ಳಲಿ.

ಇದನ್ನೆಲ್ಲ ಚಿಕ್ಕಪ್ಪನಿಗೆ ಓದಿ ಹೇಳಿ. ಅದಕ್ಕೂ ಮೊದಲು ಚಿಕ್ಕಮ್ಮನನ್ನು ಒಂದು ಮಾತು ಕೇಳಿ. ಅವರು ಬೇಡ ಅಂದರೆ ಅರ್ಜಿ ಹಾಕುವುದೇ ಬೇಡ. ಅವರು ಹೂಂ ಅಂದರೆ ಆ ಕಾಲಂನಲ್ಲಿ "ಹೌದು" ಅಂತ ಬರೆದು ತೀರ್ಪಿನ ದೃಢೀಕೃತ ನಕಲು ಲಗತ್ತಿಸಿ. ಲೈಸೆನ್ಸ್ ಕೈಗೆ ಬರುವ ತನಕ ಬೇರೆಯವರ ಕೋವಿಯನ್ನು ಒಂದು ರಾತ್ರಿಗೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದ ಕೋವಿಗೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ತಿರಸ್ಕಾರ ಆದರೆ ಕಾರಣವನ್ನು ಬರಹದಲ್ಲಿ ಕೇಳಿ ತಗೊಳ್ಳಿ, ಅದೇ ಕಾಯ್ದೆಯ 14ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಆ ಕಾಗದ ಕೈಯಲ್ಲಿದ್ದರೆ ಮೇಲ್ಮನವಿ ಬರೆಯುವ ವಕೀಲರಿಗೆ ಅರ್ಧ ಕೆಲಸ ಕಡಿಮೆ.