ಬೇಬಿ ಪೆಗ್ಗಿಯ ದುಡ್ಡು ಎಲ್ಲಿ ಹೋಯಿತು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಅಮೆರಿಕದ ಮೂಕಿ ಚಿತ್ರಗಳ ಬಾಲನಟಿ ಬೇಬಿ ಪೆಗ್ಗಿಯ ಫೋಟೋ ಹಾಕಿದ್ದೀರಿ. ಐದು ವರ್ಷಕ್ಕೇ ದೊಡ್ಡ ತಾರೆ, ಹದಿಹರೆಯಕ್ಕೆ ಬರಿಗೈ ಎಂದು ಅಡಿಬರಹ. ಇದು ಸ್ವಲ್ಪ ಜಾಸ್ತಿಯಾಯಿತು, ಅಲ್ವಾ? ಅಷ್ಟು ದುಡ್ಡು ಎಲ್ಲಿ ಹೋಯಿತು? ಕೇಳುವವರೇ ಇರಲಿಲ್ಲವೇ?’

ಜಾಸ್ತಿಯೇನೂ ಆಗಿಲ್ಲ ಸ್ವಾಮಿ, ಬರೆದದ್ದೇ ಕಡಿಮೆ. ಪೆಗ್ಗಿ ಜೀನ್ ಮಾಂಟ್ಗೋಮರಿ ಹುಟ್ಟಿದ್ದು 1918ರಲ್ಲಿ. ಅಪ್ಪ ಜ್ಯಾಕ್ ಕುದುರೆ ಸವಾರ, ಕೌಬಾಯ್ ಚಿತ್ರಗಳಲ್ಲಿ ಸ್ಟಂಟ್ ಮಾಡುತ್ತಿದ್ದವನು. 19 ತಿಂಗಳ ಮಗು ಅಮ್ಮನ ಜೊತೆ ಹಾಲಿವುಡ್‌ನ ಸೆಂಚುರಿ ಸ್ಟುಡಿಯೋಗೆ ಸುಮ್ನೆ ಹೋಗಿತ್ತು. ಅಲ್ಲಿನ ನಿರ್ದೇಶಕರ ಕಣ್ಣಿಗೆ ಬಿತ್ತು. ಬ್ರೌನಿ ಅನ್ನುವ ನಾಯಿಯ ಜೊತೆಗೆ ನಟಿಸಲು ಹಾಕಿಕೊಂಡರು. ಮುಂದಿನ ಮೂರ್ನಾಲ್ಕು ವರ್ಷದಲ್ಲಿ ನೂರೈವತ್ತರಷ್ಟು ಕಿರುಚಿತ್ರಗಳು ಬಂದವು.

ಮೂಕಿ ಚಿತ್ರಕ್ಕೆ ಮಾತು ಬಾಯಿಪಾಠ ಮಾಡಬೇಕಿಲ್ಲ. ಕ್ಯಾಮೆರಾ ತಿರುಗುತ್ತಿರುವಾಗಲೇ ನಿರ್ದೇಶಕ ಕೂಗಿ ಹೇಳಬಹುದು: ಅಳು, ನಗು, ಓಡು. ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವ ಮಗು ಸಿಕ್ಕರೆ ಸಾಕು. ಪೆಗ್ಗಿ ಅಂಥ ಮಗು. ಇದು ಪ್ರತಿಭೆಯಲ್ಲ, ತಾನು ಕಲಿಸಿದ ವಿಧೇಯತೆ ಎಂದೇ ಅಪ್ಪನ ಹೆಮ್ಮೆ! ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಕೆಲಸ. ಶಾಲೆಯ ಮುಖ ನೋಡಲಿಲ್ಲ. ಒಂದು ಚಿತ್ರಕ್ಕಾಗಿ ರೈಲು ಗಾಡಿಯ ಅಡಿಯಲ್ಲಿ ಕುಳಿತು ಹೋದಳು. ಇನ್ನೊಂದರಲ್ಲಿ ಉರಿಯುವ ಕೋಣೆಯಿಂದ ಒಬ್ಬಳೇ ಹೊರಬಂದಳು. ಆಗ ಅವಳಿಗೆ ಐದೂ ತುಂಬಿರಲಿಲ್ಲ.

ಈಗ ದುಡ್ಡಿನ ಮಾತು. ವರ್ಷಕ್ಕೆ 15 ಲಕ್ಷ ಡಾಲರ್‌ನ ಒಪ್ಪಂದವಾಗಿತ್ತು. ಅಪ್ಪ ಅಮ್ಮ ದುಬಾರಿ ಕಾರು, ಮನೆ, ಬಟ್ಟೆ ಎಂದು ಕೈ ಬಿಚ್ಚಿ ಖರ್ಚು ಮಾಡಿದರು. ಉಳಿದದ್ದನ್ನು ವ್ಯವಹಾರದ ಪಾಲುದಾರರು ನುಂಗಿದರು. 1925ರಲ್ಲಿ ಅಪ್ಪ ಸಂಬಳದ ವಿಷಯಕ್ಕೆ ನಿರ್ಮಾಪಕ ಸೋಲ್ ಲೆಸ್ಸರ್ ಜೊತೆ ಜಗಳ ಮಾಡಿಕೊಂಡ. ಒಪ್ಪಂದ ಹೋಯಿತು, ಸಿನಿಮಾ ಬಾಗಿಲೂ ಮುಚ್ಚಿತು. ಆಮೇಲೆ ಊರೂರು ಅಲೆದು ರಂಗಮಂಚದ ಮೇಲೆ ಆಟ. ಒಂದು ಆಟಕ್ಕೆ ಪೆಗ್ಗಿಯ ಕೈಗೆ ಬರುತ್ತಿದ್ದದ್ದು ಐದು ಸೆಂಟ್‌ನ ಒಂದು ನಾಣ್ಯ. ಇಡೀ ಮನೆ ನಡೆಯುತ್ತಿದ್ದದ್ದು ಅವಳ ದುಡಿಮೆಯಲ್ಲಿ!

ಕೇಳುವವರು ಯಾಕಿರಲಿಲ್ಲ ಅಂದರೆ, ಮಗುವಿನ ಸಂಪಾದನೆ ಅಪ್ಪ ಅಮ್ಮನದ್ದೇ ಎಂದು ಕಾನೂನೇ ಹೇಳುತ್ತಿತ್ತು. ಅಪ್ಪನನ್ನು ಖಳನಾಯಕ ಮಾಡುವುದು ಸುಲಭ. ನನಗೆ ಸಿಟ್ಟು ಬರುವುದು ಆ ಕಾನೂನಿನ ಮೇಲೆ. ಅವಳಷ್ಟೇ ಹೆಸರು ಮಾಡಿದ್ದ ಬಾಲನಟ ಜಾಕಿ ಕೂಗನ್ ದೊಡ್ಡವನಾದ ಮೇಲೆ, 1938ರಲ್ಲಿ, ತನ್ನ ಗಳಿಕೆಗಾಗಿ ತಾಯಿಯ ಮೇಲೆಯೇ ದಾವೆ ಹೂಡಿದ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯ ಒಂದು ಪಾಲನ್ನು ಅವರ ಹೆಸರಿನಲ್ಲೇ ಇಡಬೇಕೆಂಬ ಕಾನೂನು ಬಂತು. ಪೆಗ್ಗಿಗೆ ಆಗಲೇ ಇಪ್ಪತ್ತು. ಎಕ್ಸ್‌ಟ್ರಾ ಪಾತ್ರಗಳನ್ನೂ ಮಾಡಿ ಆಗಿತ್ತು.

ಮುಂದೆ ಡಯಾನಾ ಸೆರಾ ಕ್ಯಾರಿ ಎಂಬ ಹೆಸರಿನಲ್ಲಿ ಹಾಲಿವುಡ್‌ನ ಬಾಲನಟರ ಇತಿಹಾಸ ಬರೆದರು. 2020ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. 1926ರಲ್ಲಿ ಸೆಂಚುರಿ ಸ್ಟುಡಿಯೋ ಸುಟ್ಟುಹೋಯಿತು. ಆ ಕಿರುಚಿತ್ರಗಳಲ್ಲಿ ಹೆಚ್ಚಿನವು ಈಗ ಇಲ್ಲ. 1924ರ ‘ಕ್ಯಾಪ್ಟನ್ ಜನವರಿ’ ಮಾತ್ರ ಉಳಿದುಕೊಂಡ ಕೆಲವೇ ಚಿತ್ರಗಳಲ್ಲಿ ಒಂದು. ಪುರುಸೊತ್ತಾದಾಗ ನೋಡಿ, ಹೇಗನ್ನಿಸಿತು ಎಂದು ಬರೆಯಿರಿ.

– ಸಂಪಾದಕ