ಕಿಟಕಿ ಕಿರುಚಿದರೆ ಮೋಟರ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಏಳು ವರ್ಷ ಹಳೆಯ ಚಿಕ್ಕ ಕಾರು. ಡ್ರೈವರ್ ಕಡೆಯ ಪವರ್ ವಿಂಡೋ ಏರಿಸುವಾಗ ಕೀಂಯ್ ಅಂತ ಕಿರುಚುತ್ತದೆ, ಅರ್ಧಕ್ಕೆ ಬಂದ ಮೇಲೆ ತೀರಾ ನಿಧಾನ. ಇಳಿಸುವಾಗ ಅಷ್ಟು ಸದ್ದಿಲ್ಲ. ಮಳೆಯಲ್ಲಿ ನೆನೆದ ದಿನವಂತೂ ಸದ್ದೇ ಇರುವುದಿಲ್ಲ! ಗ್ಯಾರೇಜಿನವರು ಗಾಜು ಏರಿಸಿ ಇಳಿಸುವ ಮಷೀನನ್ನು ಮೋಟರ್ ಸಮೇತ ಬದಲಿಸಬೇಕು ಅನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ಮಳೆಯ ದಿನ ಸದ್ದಿಲ್ಲ ಅಂದಿರಲ್ಲ, ಅದೇ ದೊಡ್ಡ ಸುಳಿವು. ಕೆಟ್ಟ ಮೋಟರ್ ಮಳೆ ಬಂತು ಅಂತ ಸುಮ್ಮನಾಗುವುದಿಲ್ಲ. ಒಣಗಿದ ರಬ್ಬರ್ ಒದ್ದೆಯಾದರೆ ಸುಮ್ಮನಾಗುತ್ತದೆ. ಗಾಜಿನ ಎರಡೂ ಬದಿಗೆ, ಬಾಗಿಲ ಚೌಕಟ್ಟಿನೊಳಗೆ ಕೂತಿರುವ ರಬ್ಬರ್ ಚಾನೆಲ್ ಮೇಲೆ ನನ್ನ ಅನುಮಾನ. ಮೆಟ್ರೊ ಕಾಮಗಾರಿ, ಅಗೆದ ರಸ್ತೆ ಅಂತ ನಮ್ಮೂರಿನ ಧೂಳು ಅದರೊಳಗೆ ಸೇರುತ್ತದೆ. ಕಾರು ಬಿಸಿಲಲ್ಲೇ ನಿಲ್ಲುತ್ತಿದ್ದರೆ ರಬ್ಬರ್ ಗಟ್ಟಿಯೂ ಆಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಏರಿಸಿ ಇಳಿಸುವುದು ಡ್ರೈವರ್ ಕಿಟಕಿಯನ್ನೇ ಅಲ್ವಾ, ಹಾಗಾಗಿ ಮೊದಲು ಕೂಗುವುದೂ ಅದೇ.

ಖಾತ್ರಿ ಮಾಡಿಕೊಳ್ಳಲು ಇಬ್ಬರು ಬೇಕು. ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ವಿಚ್ ಎಳೆಯಲಿ. ಇನ್ನೊಬ್ಬರು ಗಾಜಿನ ಒಳಗೂ ಹೊರಗೂ ಅಂಗೈ ಒತ್ತಿ ಮೇಲಕ್ಕೆ ಸ್ವಲ್ಪ ಆಸರೆ ಕೊಡಲಿ, ಗಾಜು ಮೇಲಿನ ಅಂಚು ತಲುಪುವ ಮೊದಲೇ ಕೈ ತೆಗೆಯಲಿ. ಆಗ ಗಾಜು ಸಲೀಸಾಗಿ ಏರಿದರೆ, ಅದು ಎಲ್ಲೋ ಬಿಗಿಯಾಗಿ ಉಜ್ಜುತ್ತಿರುವ ಸಾಧ್ಯತೆಯೇ ಹೆಚ್ಚು. ನಾಲ್ಕೂ ಕಿಟಕಿ ನಿಧಾನವಾಗಿದ್ದರೆ ಮಾತ್ರ ಬ್ಯಾಟರಿ ನೋಡಿಸಿ.

ಈಗ ಕೆಲಸ. ಗಾಜನ್ನು ಪೂರ್ತಿ ಇಳಿಸಿ. ಹಳೇ ಪ್ಲಾಸ್ಟಿಕ್ ಸ್ಕೇಲಿಗೆ ತೆಳು ಬಟ್ಟೆ ಸುತ್ತಿ, ಒಂದೆರಡು ಹನಿ ಶಾಂಪೂ ಹಾಕಿದ ನೀರಲ್ಲಿ ಅದ್ದಿ, ಚಾನೆಲ್ ಒಳಗೆ ಮೇಲಿಂದ ಕೆಳಗೆ ಉಜ್ಜಿ. ಬಟ್ಟೆ ಕಪ್ಪಾಗಿ ಬರುತ್ತದೆ. ಕೊಳೆ ಬರುವುದು ನಿಲ್ಲುವ ತನಕ ಬಟ್ಟೆ ಬದಲಿಸುತ್ತಾ ಇರಿ. ಚೆನ್ನಾಗಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಡಬ್ಬಿಯ ಸಣ್ಣ ಕೊಳವೆಯನ್ನು ಚಾನೆಲ್‌ಗೆ ತೂರಿಸಿ ತೆಳುವಾಗಿ ಹೊಡೆಯಿರಿ. ಗಾಜನ್ನು ನಾಲ್ಕಾರು ಸಲ ಏರಿಸಿ ಇಳಿಸಿ, ಅಂಟಿದ್ದನ್ನು ಒರೆಸಿ. ಮುಂದಿನ ಗಾಜಿಗೆ ಮಾತ್ರ ತಾಗದಿರಲಿ, ವೈಪರ್ ಹಾಕಿದಾಗ ಮಸುಕಾಗುತ್ತದೆ.

ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್, ಗ್ರೀಸ್ ಯಾವುದೂ ಬೇಡ. ಎರಡು ದಿನ ಸದ್ದಡಗುತ್ತದೆ ನಿಜ. ಆಮೇಲೆ ಧೂಳು ಅದಕ್ಕೇ ಮೆತ್ತಿಕೊಂಡು ಉಪ್ಪುಕಾಗದದ ಹಾಗೆ ಗಾಜನ್ನು ಗೀರುತ್ತದೆ. ಪೆಟ್ರೋಲಿಯಂ ಎಣ್ಣೆಯಾದರೆ ರಬ್ಬರ್ ಉಬ್ಬುವುದೂ ಉಂಟು. ಗಾಜಿನ ಮೇಲೆ ಈಗಾಗಲೇ ಉದ್ದುದ್ದ ಗೀರುಗಳಿದ್ದರೆ ಗಾಜು ಬಾಗಿಲಿಂದ ಹೊರಬರುವ ಜಾಗದ ರಬ್ಬರ್ ಪಟ್ಟಿಯನ್ನೂ ಒರೆಸಿ. ಅಲ್ಲಿ ಮರಳು ಕೂತಿರುತ್ತದೆ. ಚಾನೆಲ್ ರಬ್ಬರ್ ಬಿರುಕು ಬಿಟ್ಟಿದ್ದರೆ ಸ್ಪ್ರೇ ವ್ಯರ್ಥ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮಾಡೆಲ್, ವರ್ಷ, ಯಾವ ಬಾಗಿಲು ಅಂತ ಹೇಳಿ ವಿಚಾರಿಸಿ.

ಸದ್ದು ಕಟಕಟ ಅಂತಿದ್ದರೆ, ಅಥವಾ ಗಾಜು ಓರೆಯಾಗಿ ಏರುತ್ತಿದ್ದರೆ, ಕಥೆ ಬೇರೆ. ಈಗಿನ ಬಹಳಷ್ಟು ಕಾರುಗಳಲ್ಲಿ ಮೋಟರ್ ಒಂದು ಉರುಳೆ ತಿರುಗಿಸಿ ಉಕ್ಕಿನ ಕೇಬಲ್ ಎಳೆಯುತ್ತದೆ. ಆ ಕೇಬಲ್ ಎಳೆ ಬಿಟ್ಟಿರಬಹುದು, ಗಾಜು ಹಿಡಿದ ಪ್ಲಾಸ್ಟಿಕ್ ತುಂಡು ಮುರಿದಿರಬಹುದು. ಆಗ ಸ್ವಿಚ್ ಮುಟ್ಟಬೇಡಿ, ಗಾಜು ಬಾಗಿಲೊಳಗೆ ಜಾರಿ ಬಿದ್ದೀತು. ಮಷೀನ್ ಬದಲಿಸಲೇಬೇಕು. ಆದರೆ ಹಲವು ಕಾರುಗಳಲ್ಲಿ ಹಳೇ ಮೋಟರನ್ನೇ ಬಿಚ್ಚಿ ಹೊಸ ಮಷೀನ್‌ಗೆ ಕೂರಿಸಬಹುದು. ಬಿಲ್ ಮಾಡುವ ಮೊದಲು ಇದನ್ನು ಕೇಳಿ, ನಾಚಿಕೆ ಬೇಡ.

ಬಾಗಿಲ ಒಳಹೊದಿಕೆ ಬಿಚ್ಚಿಸಿದರೆ ನೀವು ಪಕ್ಕದಲ್ಲೇ ನಿಲ್ಲಿ. ಅದರ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅವಸರದಲ್ಲಿ ಅದನ್ನು ಹರಿದು ಹಾಗೇ ಮುಚ್ಚಿಬಿಟ್ಟರೆ, ಮುಂದಿನ ಮಳೆಗೆ ನೀರು ಕಾರಿನೊಳಗೆ ಬರುತ್ತದೆ. ಹಾಳೆಯನ್ನು ಸುತ್ತಲೂ ಸರಿಯಾಗಿ ಅಂಟಿಸಿದ ಮೇಲೆಯೇ ಹೊದಿಕೆ ಹಾಕಲು ಹೇಳಿ.